ರಕ್ತ-ಮಿದುಳು ತಡೆಗೋಡೆಯ ತಾತ್ಕಾಲಿಕ ತೆರೆಯುವಿಕೆ

ರಕ್ತ-ಮಿದುಳು ತಡೆಗೋಡೆಯ ತಾತ್ಕಾಲಿಕ ತೆರೆಯುವಿಕೆ ಎಂಬುದು ಮಿದುಳಿನ ರೋಗಗಳ ಚಿಕಿತ್ಸೆಗಾಗಿ ರೂಪಿಸಲಾಗುತ್ತಿರುವ ಒಂದು ಕ್ರಮ. ರಕ್ತದಲ್ಲಿರುವ ಬಹುಪಾಲು ವಸ್ತುಗಳು ಮಿದುಳನ್ನು ಸೇರದಂತೆ ತಡೆಯುವ ಸಹಜ ರಕ್ಷಣಾ ವ್ಯವಸ್ಥೆಯನ್ನು ಕೆಲವು ನಿಮಿಷ ಅಥವಾ ಕೆಲವು ಗಂಟೆಗಳ ಮಟ್ಟಿಗೆ ಸಡಿಲಗೊಳಿಸಿ, ಆ ಅವಧಿಯಲ್ಲಿ ಔಷಧವನ್ನು ಮಿದುಳಿನ ಅಂಗಾಂಶಕ್ಕೆ ತಲುಪಿಸುವುದು ಇದರ ಉದ್ದೇಶ. ಅವಧಿ ಮುಗಿದ ಮೇಲೆ ತಡೆಗೋಡೆಯು ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತದೆ.

ಈ ಕಾರ್ಯಕ್ಕೆ ಮುಖ್ಯವಾಗಿ ಮೂರು ಮಾರ್ಗಗಳನ್ನು ಅನುಸರಿಸಲಾಗಿದೆ: ಸಾಂದ್ರವಾದ ಮ್ಯಾನಿಟಾಲ್ ದ್ರಾವಣವನ್ನು ಅಪಧಮನಿಗೆ ಹರಿಸುವುದು, ರಕ್ತನಾಳದ ಗೋಡೆಯನ್ನು ಸಡಿಲಿಸುವ ರಾಸಾಯನಿಕಗಳನ್ನು ನೀಡುವುದು, ಹಾಗೂ ಸೂಕ್ಷ್ಮಗುಳ್ಳೆಗಳ ನೆರವಿನಿಂದ ಶ್ರವಣಾತೀತ ಧ್ವನಿಯನ್ನು ಪ್ರಯೋಗಿಸುವುದು. ಮಿದುಳಿನ ಕ್ಯಾನ್ಸರ್ ಮತ್ತು ಆಲ್ಝೈಮರ್ ಕಾಯಿಲೆಗಳಲ್ಲಿ ಇವುಗಳ ಪರೀಕ್ಷೆ ನಡೆದಿದೆ. ತಡೆಗೋಡೆಯನ್ನು ತೆರೆಯಬಹುದು, ಅದು ಮತ್ತೆ ಮುಚ್ಚಿಕೊಳ್ಳುತ್ತದೆ, ಔಷಧವು ಹೆಚ್ಚಿನ ಪ್ರಮಾಣದಲ್ಲಿ ಒಳಸೇರುತ್ತದೆ ಎಂಬ ಮೂರು ಅಂಶಗಳು ಮನುಷ್ಯರಲ್ಲಿ ದೃಢಪಟ್ಟಿವೆ. ಇದರಿಂದ ರೋಗಿಯ ಆಯುಷ್ಯ ಅಥವಾ ಆರೋಗ್ಯ ಎಷ್ಟರಮಟ್ಟಿಗೆ ಸುಧಾರಿಸುತ್ತದೆ ಎಂಬುದು ದೊಡ್ಡ ಪ್ರಮಾಣದ ತುಲನಾತ್ಮಕ ಪರೀಕ್ಷೆಗಳಿಂದ ನಿರ್ಧಾರವಾಗಬೇಕಾದ ಪ್ರಶ್ನೆ.

ತಡೆಗೋಡೆಯ ಸ್ವರೂಪ

ತಡೆಗೋಡೆ ಎಂಬ ಹೆಸರಿದ್ದರೂ ಇದು ಮಿದುಳಿನ ಸುತ್ತ ಕಟ್ಟಿದ ಪ್ರತ್ಯೇಕ ಪೊರೆಯಲ್ಲ. ಮಿದುಳಿನೊಳಗೆ ಹಬ್ಬಿರುವ ಲೋಮನಾಳಗಳ ಗೋಡೆಯೇ ತಡೆಗೋಡೆ. ಮಾನವನ ಮಿದುಳಿನಲ್ಲಿರುವ ಲೋಮನಾಳಗಳನ್ನು ಒಂದಕ್ಕೊಂದು ಜೋಡಿಸಿದರೆ ಅವುಗಳ ಒಟ್ಟು ಉದ್ದ ಸುಮಾರು 600 ಕಿಲೋಮೀಟರುಗಳಾಗುತ್ತದೆಂದು ಅಂದಾಜಿಸಲಾಗಿದೆ.

ದೇಹದ ಇತರ ಭಾಗಗಳ ಲೋಮನಾಳಗಳಲ್ಲಿ ಒಳಪದರದ ಕೋಶಗಳ ನಡುವೆ ಸಣ್ಣ ಸಂದುಗಳಿರುತ್ತವೆ. ನೀರು, ಲವಣ ಮತ್ತು ಅನೇಕ ಔಷಧಗಳು ಅವುಗಳ ಮೂಲಕ ಅಂಗಾಂಶಕ್ಕೆ ಇಳಿಯುತ್ತವೆ. ಮಿದುಳಿನಲ್ಲಿ ಅಂಥ ಸಂದುಗಳಿಲ್ಲ. ಅಲ್ಲಿನ ಒಳಪದರದ ಕೋಶಗಳನ್ನು ಕ್ಲಾಡಿನ್-5, ಅಕ್ಲೂಡಿನ್ ಮುಂತಾದ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದಿವೆ. ಈ ಕೋಶಗಳ ಹೊರಗೆ ಪೆರಿಸೈಟ್ ಎಂಬ ಕೋಶಗಳೂ ತೆಳುವಾದ ಆಧಾರಪೊರೆಯೂ ಇವೆ. ಅವುಗಳ ಹೊರಗೆ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳ ಪಾದಗಳು ಲೋಮನಾಳವನ್ನು ಸುತ್ತುವರಿದಿರುತ್ತವೆ.

ಈ ವ್ಯವಸ್ಥೆ ಕೇವಲ ತಡೆಯುವುದಿಲ್ಲ, ಆರಿಸಿಯೂ ಕಳುಹಿಸುತ್ತದೆ. ಮಿದುಳಿನ ಮುಖ್ಯ ಇಂಧನವಾದ ಗ್ಲೂಕೋಸನ್ನು ಮತ್ತು ಅಮೈನೋ ಆಮ್ಲಗಳನ್ನು ಒಳಗೆ ಸಾಗಿಸಲು ಪ್ರತ್ಯೇಕ ವಾಹಕ ಪ್ರೋಟೀನುಗಳಿವೆ. ಆಮ್ಲಜನಕ ಮತ್ತು ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಕೋಶಪೊರೆಯನ್ನೇ ದಾಟಿ ಹೋಗುತ್ತವೆ. ಹಾಗೆ ದಾಟಿದ ಅನಪೇಕ್ಷಿತ ವಸ್ತುಗಳನ್ನು ಪಿ-ಗ್ಲೈಕೋಪ್ರೋಟೀನ್ ಮೊದಲಾದ ಪಂಪುಗಳು ಪುನಃ ರಕ್ತಕ್ಕೆ ಹಿಂದೂಡುತ್ತವೆ.

ಮಿದುಳಿನ ಕೆಲವು ಚಿಕ್ಕ ಪ್ರದೇಶಗಳಲ್ಲಿ ಮಾತ್ರ ಈ ತಡೆಯಿಲ್ಲ. ಮಿದುಳಿನ ಕಾಂಡದಲ್ಲಿರುವ ಏರಿಯ ಪೋಸ್ಟ್ರಿಮ ಎಂಬ ಭಾಗ ಅವುಗಳಲ್ಲೊಂದು. ರಕ್ತದಲ್ಲಿ ವಿಷವಿದ್ದರೆ ಅದನ್ನು ಗುರುತಿಸಿ ವಾಂತಿಯನ್ನು ಪ್ರಚೋದಿಸುವುದು ಇದರ ಕೆಲಸವಾದುದರಿಂದ, ಇದು ರಕ್ತದೊಡನೆ ನೇರ ಸಂಪರ್ಕದಲ್ಲಿರುವುದು ಅಗತ್ಯ.

ಶೋಧದ ಇತಿಹಾಸ

ಜರ್ಮನಿಯ ವೈದ್ಯವಿಜ್ಞಾನಿ ಪಾಲ್ ಎರ್ಲಿಕ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣದ ದ್ರಾವಣವನ್ನು ಸೇರಿಸಿದಾಗ ಇತರ ಅಂಗಗಳೆಲ್ಲ ಬಣ್ಣಗೊಂಡು ಮಿದುಳು ಮಾತ್ರ ಬಿಳಿಯಾಗಿಯೇ ಉಳಿದಿತ್ತು. ನರ ಅಂಗಾಂಶಕ್ಕೆ ಬಣ್ಣವನ್ನು ಹೀರುವ ಗುಣವಿಲ್ಲವೆಂದು ಅವರು ಇದನ್ನು ಅರ್ಥೈಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಇದೇ ಪ್ರಯೋಗವನ್ನು ತಿರುಗುಮುರುಗಾಗಿ ಮಾಡಿದರು. ಬಣ್ಣವನ್ನು ರಕ್ತಕ್ಕೆ ಬದಲಾಗಿ ಮಿದುಳು-ಬೆನ್ನುಹುರಿ ದ್ರವಕ್ಕೆ ಸೇರಿಸಿದಾಗ ಮಿದುಳು ಬಣ್ಣಗೊಂಡಿತು, ಇತರ ಅಂಗಗಳು ಬಣ್ಣಗೊಳ್ಳಲಿಲ್ಲ. ಮಿದುಳು ಬಣ್ಣವನ್ನು ಹೀರಬಲ್ಲದು, ಆದರೆ ಅದಕ್ಕೂ ರಕ್ತಕ್ಕೂ ನಡುವೆ ಯಾವುದೋ ತಡೆಯಿದೆ ಎಂಬುದು ಇದರಿಂದ ತಿಳಿಯಿತು.

ಈ ತಡೆಯ ಕುರಿತು ವ್ಯವಸ್ಥಿತ ಅಧ್ಯಯನ ನಡೆಸಿದವರಲ್ಲಿ ಲೀನಾ ಸ್ಟರ್ನ್ ಪ್ರಮುಖರು. ಜಿನೀವಾ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿಯಾಗಿದ್ದ ಇವರು 1920ರ ದಶಕದ ಆರಂಭದಲ್ಲಿ ಇದಕ್ಕೆ ರಕ್ತ-ಮಿದುಳು ತಡೆ ಎಂಬ ಅರ್ಥ ಬರುವ ಫ್ರೆಂಚ್ ಹೆಸರನ್ನು ಬಳಕೆಗೆ ತಂದರು. ಮುಂದೆ ಸೋವಿಯತ್ ಒಕ್ಕೂಟಕ್ಕೆ ತೆರಳಿ, 1939ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯತ್ವ ಪಡೆದ ಮೊದಲ ಮಹಿಳೆಯಾದರು. ಕ್ಷಯರೋಗದಿಂದ ಬರುವ ಮಿದುಳುಪೊರೆಯ ಉರಿಯೂತಕ್ಕೆ ರಕ್ತದ ಮೂಲಕ ಕೊಟ್ಟ ಔಷಧ ಸಾಕಾಗದೆಂದು, ಸ್ಟ್ರೆಪ್ಟೊಮೈಸಿನನ್ನು ತಡೆಗೋಡೆಯ ಆಚೆಗೆ ನೇರವಾಗಿ ಚುಚ್ಚಿ ನೀಡುವ ಕ್ರಮವನ್ನು ಅವರು ಪ್ರತಿಪಾದಿಸಿದ್ದರು. ತಡೆಯನ್ನು ಅರಿತು ಅದನ್ನು ಮೀರುವ ಯತ್ನಗಳಲ್ಲಿ ಇದು ಮೊದಮೊದಲಿನದು.

ತಡೆಗೋಡೆ ನಿಖರವಾಗಿ ಎಲ್ಲಿದೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ನಂತರವಷ್ಟೇ ಸ್ಪಷ್ಟವಾಯಿತು. 1967ರಲ್ಲಿ ಥಾಮಸ್ ರೀಸ್ ಮತ್ತು ಮೋರಿಸ್ ಕಾರ್ನೋವ್‌ಸ್ಕಿ ಇಲಿಯ ಮಿದುಳಿನಲ್ಲಿ ನಡೆಸಿದ ಅಧ್ಯಯನದಿಂದ, ಲೋಮನಾಳದ ಒಳಪದರದ ಕೋಶಗಳ ನಡುವಣ ಬಿಗಿ ಬೆಸುಗೆಗಳೇ ವಸ್ತುಗಳನ್ನು ತಡೆಯುತ್ತವೆಂದು ಕಂಡುಬಂದಿತು.

ಔಷಧಗಳಿಗೆ ಒದಗುವ ಅಡ್ಡಿ

ರೋಗಾಣು ಮತ್ತು ವಿಷಗಳಿಂದ ಮಿದುಳನ್ನು ಕಾಯುವ ಈ ವ್ಯವಸ್ಥೆಗೆ ವಿಷ ಯಾವುದು, ಔಷಧ ಯಾವುದು ಎಂಬ ಭೇದ ತಿಳಿಯದು. ಸಾಮಾನ್ಯವಾಗಿ 400ರಿಂದ 500 ಡಾಲ್ಟನ್‌ಗಿಂತ ಕಡಿಮೆ ಅಣುತೂಕವಿದ್ದು ಕೊಬ್ಬಿನಲ್ಲಿ ಕರಗುವ ಔಷಧಗಳು ಮಾತ್ರ ತಕ್ಕಮಟ್ಟಿಗೆ ಒಳಸೇರುತ್ತವೆ. ಪ್ರತಿಕಾಯಗಳ ಅಣುತೂಕ ಸುಮಾರು 1,50,000 ಡಾಲ್ಟನ್ ಇರುವುದರಿಂದ ರಕ್ತದಲ್ಲಿರುವ ಅವುಗಳ ಅತ್ಯಲ್ಪ ಭಾಗವಷ್ಟೇ ಮಿದುಳನ್ನು ತಲುಪುತ್ತದೆ.

ದಿನಬಳಕೆಯ ಔಷಧಗಳಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. ಅಲರ್ಜಿ ಮತ್ತು ನೆಗಡಿಗೆ ಕೊಡುತ್ತಿದ್ದ ಹಳೆಯ ಮಾತ್ರೆಗಳು ತಡೆಗೋಡೆಯನ್ನು ದಾಟುವುದರಿಂದ ತೂಕಡಿಕೆ ತರುತ್ತವೆ. ಫೆಕ್ಸೊಫೆನಡಿನ್‌ನಂಥ ಹೊಸ ಮಾತ್ರೆಗಳನ್ನು ಪಂಪುಗಳು ಹೊರಗೇ ನಿಲ್ಲಿಸುವುದರಿಂದ ತೂಕಡಿಕೆ ತೀರ ಕಡಿಮೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿಗೆ ಕೊರತೆಯಾಗುವುದು ಡೋಪಮಿನ್. ಅದನ್ನೇ ಕೊಟ್ಟರೆ ಒಳಗೆ ಹೋಗದು. ಆದ್ದರಿಂದ ಅಮೈನೋ ಆಮ್ಲಗಳ ವಾಹಕವನ್ನೇರಿ ಒಳಹೋಗಬಲ್ಲ ಲೆವೊಡೋಪವನ್ನು ಕೊಡಲಾಗುತ್ತದೆ. ಒಳಗೆ ಹೋದ ಮೇಲೆ ಅದು ಡೋಪಮಿನ್ ಆಗಿ ಮಾರ್ಪಡುತ್ತದೆ.

ಈ ಅಡ್ಡಿಯ ಪರಿಣಾಮ ತೀವ್ರವಾಗಿ ಕಾಣುವುದು ಗ್ಲಿಯೋಬ್ಲಾಸ್ಟೋಮ ಎಂಬ ಮಿದುಳಿನ ಕ್ಯಾನ್ಸರಿನಲ್ಲಿ. ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣ ಚಿಕಿತ್ಸೆ ಮತ್ತು ಟೆಮೊಜೊಲೊಮೈಡ್ ಔಷಧ ಎರಡನ್ನೂ ನೀಡಿದರೂ ರೋಗಿಗಳ ಮಧ್ಯಮಾಂಕ ಆಯುಷ್ಯ ಸುಮಾರು 15 ತಿಂಗಳು ಮಾತ್ರವೆಂದು 2005ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯಲ್ಲಿ ಕಂಡುಬಂದಿತು. ಗಡ್ಡೆಯ ನಡುಭಾಗದಲ್ಲಿ ರಕ್ತನಾಳಗಳು ಹಾಳಾಗಿ ಸೋರುತ್ತಿರುವುದರಿಂದ ಔಷಧವು ಅಲ್ಲಿಗೆ ತಕ್ಕಮಟ್ಟಿಗೆ ತಲುಪುತ್ತದೆ. ಆದರೆ ಆ ಭಾಗವನ್ನು ಬಹುಮಟ್ಟಿಗೆ ಶಸ್ತ್ರಚಿಕಿತ್ಸಕರು ತೆಗೆದುಹಾಕಿರುತ್ತಾರೆ. ಸುತ್ತಲಿನ ಆರೋಗ್ಯವಂತ ಅಂಗಾಂಶದೊಳಗೆ ನುಸುಳಿ ಅಡಗಿರುವ ಕ್ಯಾನ್ಸರ್ ಕೋಶಗಳ ಸುತ್ತ ತಡೆಗೋಡೆ ಬಹುತೇಕ ಭದ್ರವಾಗಿಯೇ ಇರುತ್ತದೆ. ರೋಗ ಮರುಕಳಿಸುವುದು ಹೆಚ್ಚಾಗಿ ಈ ಅಂಚಿನಿಂದಲೇ. ತಡೆಗೋಡೆಯನ್ನು ತೆರೆಯುವ ಪ್ರಯತ್ನಗಳ ಹಿಂದಿರುವ ಪ್ರಮುಖ ಕಾರಣಗಳಲ್ಲಿ ಇದೂ ಒಂದು.

ತೆರೆಯುವ ವಿಧಾನಗಳು

ಅಭಿಸರಣೆಯ ವಿಧಾನ

ಉಪ್ಪು ಬೆರೆಸಿದ ಮಾವಿನ ಹೋಳುಗಳು ನೀರುಬಿಟ್ಟು ಮುದುಡುವುದು ಅಭಿಸರಣೆಯ ಪರಿಚಿತ ಉದಾಹರಣೆ. ಇದೇ ತತ್ತ್ವವನ್ನು ಲೋಮನಾಳದ ಕೋಶಗಳಿಗೆ ಅನ್ವಯಿಸಬಹುದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸ್ಟ್ಯಾನ್ಲಿ ರ್‍ಯಾಪಪೋರ್ಟ್ 1970ರ ದಶಕದ ಆರಂಭದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ರಕ್ತದಲ್ಲಿ ಸಾಂದ್ರ ದ್ರಾವಣವಿದ್ದಾಗ ಒಳಪದರದ ಕೋಶಗಳು ನೀರನ್ನು ಕಳೆದುಕೊಂಡು ಕುಗ್ಗುತ್ತವೆ, ಅವುಗಳ ನಡುವಣ ಬೆಸುಗೆಗಳು ಸಡಿಲಗೊಳ್ಳುತ್ತವೆ.

ಅಮೆರಿಕದ ಪೋರ್ಟ್‌ಲ್ಯಾಂಡಿನ ಆರೆಗನ್ ಆರೋಗ್ಯ ಮತ್ತು ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ನ್ಯೂವೆಲ್ಟ್ ಮತ್ತು ಸಂಗಡಿಗರು ಇದನ್ನು ಚಿಕಿತ್ಸಾ ಕ್ರಮವಾಗಿ ಬೆಳೆಸಿದರು. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ತೊಡೆಯ ಅಪಧಮನಿಯಿಂದ ತೂರಿಸಿದ ಕೊಳವೆಯನ್ನು ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯವರೆಗೆ ಸಾಗಿಸಲಾಗುತ್ತದೆ. ಅದರ ಮೂಲಕ 25% ಮ್ಯಾನಿಟಾಲ್ ದ್ರಾವಣವನ್ನು ಸುಮಾರು 30 ಸೆಕೆಂಡುಗಳ ಕಾಲ ವೇಗವಾಗಿ ಹರಿಸಿ, ಕೂಡಲೇ ಕ್ಯಾನ್ಸರ್ ಔಷಧವನ್ನು ಕೊಡಲಾಗುತ್ತದೆ. ಕೆಲವು ಗಂಟೆಗಳಲ್ಲಿ ತಡೆಗೋಡೆ ಮುಚ್ಚಿಕೊಳ್ಳುತ್ತದೆ.

ಮಿದುಳಿನಲ್ಲಿಯೇ ಹುಟ್ಟುವ ಲಿಂಫೋಮ ಎಂಬ ಕ್ಯಾನ್ಸರಿನಲ್ಲಿ ಈ ವಿಧಾನ ಹೆಚ್ಚಾಗಿ ಬಳಕೆಯಾಗಿದೆ. ಈ ಕ್ರಮದಲ್ಲಿ ಮೆಥೊಟ್ರೆಕ್ಸೇಟ್ ಪಡೆದ 149 ರೋಗಿಗಳ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸುಮಾರು 82% ರೋಗಿಗಳಲ್ಲಿ ಗಡ್ಡೆಯು ಪೂರ್ಣವಾಗಿ ಅಥವಾ ಭಾಗಶಃ ಕರಗಿತ್ತು. ಇಡೀ ಮಿದುಳಿಗೆ ವಿಕಿರಣ ಕೊಡುವುದನ್ನು ಮುಂದೂಡಿ, ಅದರಿಂದ ಬರುವ ನೆನಪು ಮತ್ತು ಗ್ರಹಣಶಕ್ತಿಯ ಹಾನಿಯನ್ನು ತಪ್ಪಿಸುವುದು ಈ ಕ್ರಮದ ಉದ್ದೇಶಗಳಲ್ಲೊಂದು. ಆದರೆ ಇದು ಬೇರೆ ಚಿಕಿತ್ಸೆ ಪಡೆದವರೊಡನೆ ಹೋಲಿಸಿ ನಡೆಸಿದ ಪರೀಕ್ಷೆಯಾಗಿರಲಿಲ್ಲ.

ಈ ವಿಧಾನದ ದೊಡ್ಡ ಕೊರತೆಯೆಂದರೆ ಆಯ್ಕೆಗೆ ಅವಕಾಶವಿಲ್ಲದಿರುವುದು. ಆ ಅಪಧಮನಿಯಿಂದ ರಕ್ತ ಪಡೆಯುವ ಭಾಗವೆಲ್ಲವೂ, ರೋಗವಿರುವ ಕಡೆಯಂತೆ ಇಲ್ಲದ ಕಡೆಯೂ, ಒಮ್ಮೆಗೇ ತೆರೆದುಕೊಳ್ಳುತ್ತದೆ. ಸೆಳವು, ಮಿದುಳಿನ ಬಾವು, ಅಪರೂಪವಾಗಿ ಪಾರ್ಶ್ವವಾಯು ಸಂಭವಿಸಬಹುದು. ನುರಿತ ತಂಡವಿರುವ ಕೆಲವೇ ಕೇಂದ್ರಗಳಿಗೆ ಇದು ಸೀಮಿತವಾಗಿ ಉಳಿದಿದೆ.

ರಾಸಾಯನಿಕ ವಿಧಾನ

ಉರಿಯೂತದ ಸಮಯದಲ್ಲಿ ದೇಹವೇ ಉತ್ಪಾದಿಸುವ ಬ್ರಾಡಿಕೈನಿನ್ ಎಂಬ ವಸ್ತುವು ರಕ್ತನಾಳಗಳನ್ನು ಸಡಿಲಿಸುತ್ತದೆ. ಅದನ್ನು ಹೋಲುವ ಆರ್‌ಎಂಪಿ-7 ಎಂಬ ಔಷಧವನ್ನು ಕಾರ್ಬೊಪ್ಲಾಟಿನ್ ಜೊತೆಗೆ ಕೊಟ್ಟು 1990ರ ದಶಕದಲ್ಲಿ ಪರೀಕ್ಷಿಸಲಾಯಿತು. ಪ್ರಾಣಿಗಳಲ್ಲಿ ಫಲ ಉತ್ಸಾಹದಾಯಕವಾಗಿದ್ದರೂ, ಮರುಕಳಿಸಿದ ಮಿದುಳಿನ ಗಡ್ಡೆಯಿದ್ದ ರೋಗಿಗಳಲ್ಲಿ ನಡೆದ ತುಲನಾತ್ಮಕ ಪರೀಕ್ಷೆಯಲ್ಲಿ ಕಾರ್ಬೊಪ್ಲಾಟಿನ್ ಒಂದನ್ನೇ ಕೊಟ್ಟುದಕ್ಕಿಂತ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಪ್ರಾಣಿಗಳಲ್ಲಿ ದೊರೆತ ಯಶಸ್ಸು ರೋಗಿಯಲ್ಲಿ ಪುನರಾವರ್ತನೆಯಾಗುತ್ತದೆಂದು ಊಹಿಸಲಾಗದು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಇದು ಮುಖ್ಯ ನಿದರ್ಶನ.

ಕೇಂದ್ರೀಕೃತ ಶ್ರವಣಾತೀತ ಧ್ವನಿ

ಮನುಷ್ಯನ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಶ್ರವಣಾತೀತ ಧ್ವನಿ ಅಥವಾ ಅಲ್ಟ್ರಾಸೌಂಡ್ ಎನ್ನುತ್ತಾರೆ. ಭೂತಗನ್ನಡಿಯು ಬಿಸಿಲನ್ನು ಒಂದು ಬಿಂದುವಿಗೆ ಸೇರಿಸುವಂತೆ ಈ ಧ್ವನಿಯನ್ನೂ ಒಂದು ನೆಲೆಗೆ ಕೇಂದ್ರೀಕರಿಸಬಹುದು. ಹೆಚ್ಚಿನ ಶಕ್ತಿಯ ಧ್ವನಿ ತಡೆಗೋಡೆಯನ್ನು ತೆರೆಯಬಲ್ಲದೆಂದು ಮೊದಲೇ ತಿಳಿದಿತ್ತಾದರೂ ಅದರಿಂದ ಅಂಗಾಂಶಕ್ಕೂ ಹಾನಿಯಾಗುತ್ತಿತ್ತು.

2001ರಲ್ಲಿ ಕುಲ್ಲೆರ್ವೊ ಹೈನಿನೆನ್ ಮತ್ತು ಸಂಗಡಿಗರು ಬಾಸ್ಟನ್ನಿನಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಸ್ಕ್ಯಾನಿಂಗ್‌ನಲ್ಲಿ ಚಿತ್ರ ಸ್ಪಷ್ಟವಾಗಲೆಂದು ರಕ್ತಕ್ಕೆ ಸೇರಿಸುವ, ಕೆಲವೇ ಮೈಕ್ರೋಮೀಟರ್ ಗಾತ್ರದ ಅನಿಲ ತುಂಬಿದ ಸೂಕ್ಷ್ಮಗುಳ್ಳೆಗಳನ್ನು ಅವರು ಮೊದಲು ಚುಚ್ಚಿ, ಬಳಿಕ ಧ್ವನಿಯನ್ನು ಹಾಯಿಸಿದರು. ಧ್ವನಿಯ ಒತ್ತಡಕ್ಕೆ ತಕ್ಕಂತೆ ಗುಳ್ಳೆಗಳು ಲೋಮನಾಳದೊಳಗೆ ಹಿಗ್ಗುತ್ತ ಕುಗ್ಗುತ್ತ ಗೋಡೆಯನ್ನು ಮೆಲ್ಲನೆ ಒತ್ತುತ್ತವೆ, ಬೆಸುಗೆಗಳು ಸಡಿಲಾಗುತ್ತವೆ. ಇದಕ್ಕೆ ಬೇಕಾಗುವ ಧ್ವನಿಶಕ್ತಿ ಮೊದಲಿಗಿಂತ ಬಹಳ ಕಡಿಮೆ. ಶಕ್ತಿ ಮಿತಿಮೀರಿದರೆ ಗುಳ್ಳೆಗಳು ರಭಸದಿಂದ ಒಡೆದು ರಕ್ತನಾಳಕ್ಕೆ ಗಾಯವಾಗಬಹುದು. ಆದ್ದರಿಂದ ಗುಳ್ಳೆಗಳಿಂದ ಹೊರಡುವ ಪ್ರತಿಧ್ವನಿಯನ್ನು ಆಲಿಸುತ್ತ ಶಕ್ತಿಯನ್ನು ನಿಯಂತ್ರಿಸಲಾಗುತ್ತದೆ.

ಮನುಷ್ಯನ ತಲೆಬುರುಡೆ ದಪ್ಪವಾಗಿರುವುದರಿಂದ ಧ್ವನಿ ಅದರಲ್ಲಿ ಕುಂದುತ್ತದೆ ಮತ್ತು ದಿಕ್ಕು ತಪ್ಪುತ್ತದೆ. ಇದನ್ನು ಪರಿಹರಿಸಲು ಶಿರಸ್ತ್ರಾಣದ ಆಕಾರದ ಉಪಕರಣದಲ್ಲಿ 1,024 ಧ್ವನಿಮೂಲಗಳನ್ನು ಅಳವಡಿಸಿ, ಬುರುಡೆಯ ಸಿ.ಟಿ. ಚಿತ್ರವನ್ನು ಆಧರಿಸಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಹೊಂದಿಸಲಾಗುತ್ತದೆ. ರೋಗಿ ಎಚ್ಚರವಾಗಿದ್ದು ಎಂ.ಆರ್.ಐ. ಯಂತ್ರದೊಳಗೆ ಮಲಗಿರುತ್ತಾರೆ. ಗ್ಯಾಡೊಲಿನಿಯಂ ಎಂಬ ವರ್ಣಭೇದಕಾರಕವು ಆಯ್ದ ಜಾಗದಲ್ಲಿ ಮಿದುಳಿನೊಳಗೆ ಸೋರಿದರೆ ತಡೆಗೋಡೆ ತೆರೆದಿದೆಯೆಂದು ಖಚಿತವಾಗುತ್ತದೆ. 2015ರಲ್ಲಿ ಕೆನಡಾದ ಟೊರಾಂಟೊ ನಗರದ ಸನಿಬ್ರುಕ್ ಆರೋಗ್ಯ ವಿಜ್ಞಾನ ಕೇಂದ್ರದಲ್ಲಿ ಮಿದುಳಿನ ಗಡ್ಡೆಯಿದ್ದ ರೋಗಿಯೊಬ್ಬರಿಗೆ ತಲೆಬುರುಡೆಯನ್ನು ತೆರೆಯದೆಯೇ ಈ ಚಿಕಿತ್ಸೆ ನೀಡಲಾಯಿತು.

ಬುರುಡೆಯಲ್ಲಿ ಕೂರಿಸುವ ಸಾಧನ

ಪ್ಯಾರಿಸ್ಸಿನ ನರಶಸ್ತ್ರಚಿಕಿತ್ಸಕ ಅಲೆಕ್ಸಾಂಡರ್ ಕಾರ್ಪೆಂಟಿಯೆ ಬೇರೊಂದು ದಾರಿಯನ್ನು ಹಿಡಿದರು. ಬುರುಡೆಯೇ ಅಡ್ಡಿಯಾದರೆ ಧ್ವನಿಮೂಲವನ್ನು ಬುರುಡೆಯಲ್ಲಿಯೇ ಕೂರಿಸಬಹುದು ಎಂಬುದು ಇದರ ಆಧಾರ. ಸೋನೋಕ್ಲೌಡ್ ಎಂಬ ಈ ಸಾಧನವನ್ನು ಗಡ್ಡೆಯ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಮೂಳೆಯಲ್ಲಿ ಅಳವಡಿಸಲಾಗುತ್ತದೆ. ಔಷಧ ಕೊಡುವ ದಿನ ಚರ್ಮದ ಮೂಲಕ ಸೂಜಿ ಚುಚ್ಚಿ ಸಾಧನಕ್ಕೆ ವಿದ್ಯುತ್ ಸಂಪರ್ಕ ಕೊಟ್ಟು ಕೆಲವು ನಿಮಿಷ ಚಾಲನೆಯಲ್ಲಿಡಲಾಗುತ್ತದೆ. ಮನುಷ್ಯರಲ್ಲಿ ಇದರ ಪರೀಕ್ಷೆ 2014ರಲ್ಲಿ ಆರಂಭವಾಯಿತು.

ಒಂಬತ್ತು ಧ್ವನಿಮೂಲಗಳಿರುವ ಇದರ ಮುಂದಿನ ಮಾದರಿಯನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಆಡಮ್ ಸೋನಬೆಂಡ್ ಮತ್ತು ಸಂಗಡಿಗರು ಮರುಕಳಿಸಿದ ಗ್ಲಿಯೋಬ್ಲಾಸ್ಟೋಮ ಇದ್ದ 17 ರೋಗಿಗಳಲ್ಲಿ ಬಳಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದರಲ್ಲಿ ಬಳಸಿದ ಪ್ಯಾಕ್ಲಿಟಾಕ್ಸೆಲ್ ಪ್ರಯೋಗಾಲಯದಲ್ಲಿ ಈ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲದಾದರೂ ಸಹಜವಾಗಿ ಮಿದುಳನ್ನು ಸೇರದ ಔಷಧ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಪಡೆದ ಅಂಗಾಂಶವನ್ನು ಪರೀಕ್ಷಿಸಿದಾಗ, ಧ್ವನಿ ಹಾಯಿಸಿದ ಭಾಗದಲ್ಲಿ ಪ್ಯಾಕ್ಲಿಟಾಕ್ಸೆಲ್ ಸುಮಾರು 4 ಪಟ್ಟು, ಕಾರ್ಬೊಪ್ಲಾಟಿನ್ ಸುಮಾರು 6 ಪಟ್ಟು ಹೆಚ್ಚಿತ್ತು. ತಡೆಗೋಡೆಯ ಬಹುಭಾಗವು ಮೊದಲ ಒಂದು ಗಂಟೆಯೊಳಗೇ ಮುಚ್ಚಿಕೊಳ್ಳತೊಡಗುತ್ತದೆಂಬುದೂ ತಿಳಿದುಬಂದಿತು. ತೆರೆಯುವ ಗಳಿಗೆಗೂ ಔಷಧ ಕೊಡುವ ಗಳಿಗೆಗೂ ಹೊಂದಾಣಿಕೆ ತಪ್ಪಬಾರದೆಂಬುದಕ್ಕೆ ಇದು ಆಧಾರ ಒದಗಿಸಿತು.

ಇತರ ರೋಗಗಳಲ್ಲಿ ಬಳಕೆ

ಸ್ತನ ಕ್ಯಾನ್ಸರಿನ ಒಂದು ಬಗೆಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ದೇಹದ ಇತರೆಡೆ ಪರಿಣಾಮಕಾರಿಯಾದರೂ ಮಿದುಳಿಗೆ ಹರಡಿದ ಗಡ್ಡೆಗಳನ್ನು ಸರಿಯಾಗಿ ತಲುಪದು. ಟೊರಾಂಟೊದ ತಂಡವು ನಾಲ್ವರು ರೋಗಿಗಳಲ್ಲಿ ಈ ಪ್ರತಿಕಾಯಕ್ಕೆ ವಿಕಿರಣಶೀಲ ಗುರುತು ಜೋಡಿಸಿ ಅಳೆದು, ಧ್ವನಿ ಹಾಯಿಸಿದ ಗಡ್ಡೆಗಳಲ್ಲಿ ಅದರ ಪ್ರಮಾಣ ಹೆಚ್ಚಿದುದನ್ನು 2021ರಲ್ಲಿ ವರದಿ ಮಾಡಿತು.

ಆಲ್ಝೈಮರ್ ಕಾಯಿಲೆಯಿದ್ದ ಐವರಲ್ಲಿ, ಯಾವ ಔಷಧವನ್ನೂ ಕೊಡದೆ, ತೆರೆಯುವುದು ಸುರಕ್ಷಿತವೇ ಎಂಬುದನ್ನಷ್ಟೇ ಅರಿಯಲು ಇದೇ ಕೇಂದ್ರ ನಡೆಸಿದ ಪರೀಕ್ಷೆಯ ವರದಿ 2018ರಲ್ಲಿ ಬಂದಿತು. ತೆರೆದ ಭಾಗ 24 ಗಂಟೆಯೊಳಗೆ ಮುಚ್ಚಿಕೊಂಡಿತ್ತು. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಅಲಿ ರೆಜಾಯಿ ಮತ್ತು ಸಂಗಡಿಗರು ಅಡುಕಾನುಮ್ಯಾಬ್ ಎಂಬ ಪ್ರತಿಕಾಯದೊಡನೆ ಈ ಕ್ರಮವನ್ನು ಮೂವರಲ್ಲಿ ಬಳಸಿ 2024ರ ಜನವರಿಯಲ್ಲಿ ವರದಿ ಪ್ರಕಟಿಸಿದರು. ಧ್ವನಿ ಹಾಯಿಸಿದ ಭಾಗದಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ, ಮಿದುಳಿನ ಎದುರು ಪಾರ್ಶ್ವದ ಅದೇ ಭಾಗಕ್ಕೆ ಹೋಲಿಸಿದಾಗ, ಸರಾಸರಿ 32% ಹೆಚ್ಚಾಗಿ ಇಳಿದಿತ್ತು. ಅಮಿಲಾಯ್ಡ್ ಇಳಿಯುವುದು ಬೇರೆ, ರೋಗಿಯ ನೆನಪು ಉಳಿಯುವುದು ಬೇರೆ. ಮೂವರನ್ನು ಮಾತ್ರ ಒಳಗೊಂಡ ಅಧ್ಯಯನದಿಂದ ಎರಡನೆಯದನ್ನು ನಿರ್ಣಯಿಸಲಾಗದು.

ಅಪಾಯಗಳು

ತೆರೆದ ಬಾಗಿಲಿನಿಂದ ಔಷಧವೊಂದೇ ಒಳಬರುವುದಿಲ್ಲ. ರಕ್ತದಲ್ಲಿ ಸಹಜವಾಗಿರುವ ಆಲ್ಬುಮಿನ್ ಮುಂತಾದ ಪ್ರೋಟೀನುಗಳೂ ಮಿದುಳನ್ನು ಸೇರುತ್ತವೆ, ಅವು ನರಕೋಶಗಳನ್ನು ಕೆರಳಿಸಬಲ್ಲವು. ಸೂಕ್ಷ್ಮ ರಕ್ತಸ್ರಾವ, ಬಾವು, ತಲೆನೋವು ಮತ್ತು ಸೆಳವು ಇತರ ಅಪಾಯಗಳು. ಶ್ರವಣಾತೀತ ಧ್ವನಿಯಿಂದ ರೋಗಾಣುಗಳಿಲ್ಲದೆಯೂ ಉರಿಯೂತ ಉಂಟಾಗಬಹುದೆಂದು ಇಲಿಗಳ ಮೇಲಿನ ಅಧ್ಯಯನವೊಂದು 2017ರಲ್ಲಿ ತೋರಿಸಿತು. ಗುಳ್ಳೆಗಳ ಪ್ರಮಾಣ ಮತ್ತು ಧ್ವನಿಯ ಒತ್ತಡವನ್ನು ಮಿತಿಯಲ್ಲಿಟ್ಟರೆ ಇದು ಬಹಳ ಕಡಿಮೆಯಾಗುತ್ತದೆಂದು ಇತರ ಸಂಶೋಧಕರು ವಾದಿಸಿದ್ದಾರೆ.

ಔಷಧದ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ದೇಹದ ಇತರ ಭಾಗಗಳಿಗೆ ಸುರಕ್ಷಿತವಾದ ಔಷಧ ನರಕೋಶಗಳಿಗೆ ವಿಷವಾಗಬಹುದು. ಇದುವರೆಗೆ ಮಿದುಳನ್ನು ಅದರಿಂದ ಕಾಯುತ್ತಿದ್ದುದು ತಡೆಗೋಡೆಯೇ ಆಗಿರುವುದರಿಂದ, ತೆರೆದ ಸ್ಥಿತಿಯಲ್ಲಿ ಪ್ರತಿಯೊಂದು ಔಷಧವನ್ನೂ ಹೊಸದೆಂಬಂತೆ ಪರೀಕ್ಷಿಸಬೇಕಾಗುತ್ತದೆ.

ತೆರೆಯದೆ ದಾಟುವ ಮಾರ್ಗಗಳು

ತಡೆಗೋಡೆಯನ್ನು ತೆರೆಯದೆಯೇ ಔಷಧ ತಲುಪಿಸುವ ಕ್ರಮಗಳೂ ಇವೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧ ಚುಚ್ಚುವುದು ಹಳೆಯ ಪದ್ಧತಿ. ಶಸ್ತ್ರಚಿಕಿತ್ಸೆಯ ನಂತರ ಗಡ್ಡೆಯಿದ್ದ ಪೊಳ್ಳಿನಲ್ಲಿ ಕಾರ್ಮಸ್ಟಿನ್ ಔಷಧವುಳ್ಳ ಬಿಲ್ಲೆಗಳನ್ನಿಡುವ ಕ್ರಮಕ್ಕೆ ಅಮೆರಿಕದಲ್ಲಿ 1996ರಲ್ಲಿ ಅನುಮೋದನೆ ದೊರೆಯಿತು. ಕಬ್ಬಿಣವನ್ನು ಒಳಗೆ ಸಾಗಿಸುವ ಟ್ರಾನ್ಸ್‌ಫೆರಿನ್ ಗ್ರಾಹಕಕ್ಕೆ ಅಂಟಿಕೊಳ್ಳುವಂತೆ ಔಷಧವನ್ನು ರೂಪಿಸಿ, ಮಿದುಳಿನ ಸ್ವಂತ ಸಾಗಣೆ ವ್ಯವಸ್ಥೆಯಿಂದಲೇ ಅದನ್ನು ಒಳಗೊಯ್ಯುವ ಉಪಾಯ ಇತ್ತೀಚಿನದು. ಹಂಟರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಗೆ ಈ ಬಗೆಯ ಔಷಧವೊಂದನ್ನು ಜಪಾನ್ 2021ರಲ್ಲಿ ಅನುಮೋದಿಸಿತು.

ಪರಿಮಿತಿ ಮತ್ತು ಮುಂದಿನ ಹಾದಿ

ಈ ಕ್ಷೇತ್ರದ ಫಲಿತಾಂಶಗಳನ್ನು ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡುವುದು ಅವಶ್ಯಕ. ಔಷಧವು ಮಿದುಳನ್ನು ತಲುಪಿತೇ ಎಂಬುದು ಮೊದಲನೆಯದು. ತಲುಪಿದ ಔಷಧದಿಂದ ರೋಗಿಗೆ ಒಳಿತಾಯಿತೇ ಎಂಬುದು ಎರಡನೆಯದು. ಚಿತ್ರಣ ಮತ್ತು ಅಂಗಾಂಶ ಪರೀಕ್ಷೆಗಳು ಮೊದಲನೆಯದಕ್ಕೆ ಹೌದೆಂದು ಉತ್ತರಿಸಿವೆ. ಎರಡನೆಯದಕ್ಕೆ, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ದೀರ್ಘಕಾಲ ಗಮನಿಸಿ ಹೋಲಿಸುವ ಪರೀಕ್ಷೆಗಳೇ ಉತ್ತರಿಸಬಲ್ಲವು. ಮೇಲೆ ಹೇಳಿದ ಶ್ರವಣಾತೀತ ಧ್ವನಿಯ ಅಧ್ಯಯನಗಳಲ್ಲಿ ಭಾಗವಹಿಸಿದವರ ಸಂಖ್ಯೆ ಮೂವರಿಂದ ಹದಿನೇಳರವರೆಗೆ ಮಾತ್ರವಿರುವುದನ್ನು ಗಮನಿಸಬೇಕು.

ತಡೆಗೋಡೆ ರೋಗವಲ್ಲ, ಮಿದುಳಿನ ರಕ್ಷಕ. ಆದುದರಿಂದ ಅದನ್ನು ಕೆಡವುವುದು ಚಿಕಿತ್ಸೆಯ ಗುರಿಯಲ್ಲ. ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ತೆರೆದು, ಮತ್ತೆ ಮುಚ್ಚಿಕೊಳ್ಳಲು ಬಿಡುವುದೇ ಗುರಿ. ಒಂದು ಅಪಧಮನಿಯ ವ್ಯಾಪ್ತಿಯನ್ನೆಲ್ಲ ತೆರೆಯುತ್ತಿದ್ದ ಮ್ಯಾನಿಟಾಲ್ ವಿಧಾನದಿಂದ, ಆಯ್ದ ಭಾಗವನ್ನಷ್ಟೇ ತೆರೆಯುವ ಧ್ವನಿ ವಿಧಾನದವರೆಗೆ, ಈ ಕ್ಷೇತ್ರದ ಬೆಳವಣಿಗೆ ಇದೇ ದಿಕ್ಕಿನಲ್ಲಿ ಸಾಗಿದೆ.